ದೂರದ ಅತಿಥಿಯ ದನಿ, ಹಿಂದಿನ ಬೆಂಚಿನ ಪ್ರಶ್ನೆ: ನೇರಪ್ರಸಾರದ ಪಾಠದಲ್ಲಿ ಧ್ವನಿ ನಿರ್ವಹಣೆ

ಅಭ್ಯಾಸ ಬೋಧನೆಯ ಎರಡನೇ ಹಂತದಲ್ಲಿ ನನಗೆ ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ ಸಿಕ್ಕಿತ್ತು. ಒಂಬತ್ತನೇ ತರಗತಿಯ ‘ಶಬ್ದ’ ಘಟಕ ನನ್ನ ಪಾಲಿಗೆ ಬಂತು. ಪ್ರತಿಧ್ವನಿಯ ಪಾಠ ಎಂದರೆ ವಿಜಯಪುರದ ಗೋಳಗುಮ್ಮಟದ ಹೆಸರು ಬಂದೇ ಬರುತ್ತದೆ. ಆದರೆ ಹಾಸನದ ಕಡೆಯಿಂದ ವಿಜಯಪುರಕ್ಕೆ ಮಕ್ಕಳನ್ನು ಕರೆದೊಯ್ಯುವುದು ಒಂದು ದಿನದಲ್ಲಿ ಆಗುವ ಮಾತಲ್ಲ. ಹಾಗಾಗಿ, ಎಷ್ಟೋ ವರ್ಷ ಮಕ್ಕಳನ್ನು ಗುಮ್ಮಟಕ್ಕೆ ಕರೆದೊಯ್ದು ಅಲ್ಲಿಯೇ ಪಾಠ ಮಾಡಿದ್ದ ವಿಜಯಪುರದ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕರನ್ನು ವಿಡಿಯೊ ಕರೆಯ ಮೂಲಕ ತರಗತಿಗೆ ಕರೆಸುವ ಯೋಚನೆ ಮಾಡಿದೆ.

ಅದೇ ಪಾಠವನ್ನು ನಮ್ಮ ಮಾರ್ಗದರ್ಶಕ ಉಪನ್ಯಾಸಕರೂ ಬೇರೆ ಶಾಲೆಗಳಲ್ಲಿದ್ದ ಸಹಪಾಠಿಗಳೂ ವೀಕ್ಷಿಸಬೇಕಿತ್ತು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮಕ್ಕಳ ಮುಖ ಕಾಣದಂತೆ ಕ್ಯಾಮೆರಾವನ್ನು ಕಪ್ಪುಹಲಗೆಯ ಕಡೆಗೆ ಇಟ್ಟು, ಕೊಂಡಿ ಇದ್ದವರಿಗೆ ಮಾತ್ರ ತೆರೆಯುವಂತೆ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದೆವು. ಚಿತ್ರ ಚೆನ್ನಾಗಿಯೇ ಬಂತು. ಕೈಕೊಟ್ಟದ್ದು ಧ್ವನಿ. ಶಬ್ದದ ಪಾಠದಲ್ಲೇ ಶಬ್ದವನ್ನು ನಿಭಾಯಿಸಲಾಗದೆ ಹೋದ ಆ ದಿನ ಏನಾಯಿತು, ಏಕೆ ಆಯಿತು, ಎರಡನೇ ಬಾರಿ ಅದನ್ನು ಹೇಗೆ ಸರಿಪಡಿಸಿಕೊಂಡೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಅತಿಥಿಗಳನ್ನು ಹೀಗೆ ಕರೆಸಬೇಕೆಂದಿರುವ ಪ್ರಶಿಕ್ಷಣಾರ್ಥಿಗಳಿಗೆ ಇದು ಉಪಯೋಗವಾಗಬಹುದು.

ಮೊದಲ ಪಾಠದಲ್ಲಿ ಆದದ್ದು

ನಮ್ಮ ಏರ್ಪಾಡು ಸರಳವಾಗಿತ್ತು. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಶಾಲೆಯ ಪ್ರಾರ್ಥನೆಗೆ ಬಳಸುವ ಸ್ಪೀಕರ್ ಬಾಕ್ಸ್. ಲ್ಯಾಪ್‌ಟಾಪಿನಲ್ಲಿ ಒಂದು ಕಡೆ ವಿಡಿಯೊ ಕರೆ, ಇನ್ನೊಂದು ಕಡೆ ನೇರಪ್ರಸಾರಕ್ಕೆ ಒಬಿಎಸ್ ಸ್ಟುಡಿಯೊ ಎಂಬ ಉಚಿತ ತಂತ್ರಾಂಶ. ತರಗತಿಯ ಇನ್ನೊಂದು ಕೋನ ತೋರಿಸಲೆಂದು ನನ್ನ ಗೆಳತಿ ತನ್ನ ಫೋನಿನಿಂದಲೂ ಅದೇ ಕರೆಗೆ ಸೇರಿಕೊಂಡಿದ್ದಳು.

ಅತಿಥಿಗಳು ಮಾತು ಶುರುಮಾಡಿ ಎರಡು ವಾಕ್ಯ ಮುಗಿಸುವಷ್ಟರಲ್ಲಿ ತಡವರಿಸತೊಡಗಿದರು. “ನನ್ನ ಮಾತು ನನಗs ತಿರುಗಿ ಕೇಳಲಾಕ್ಹತ್ತೈತ್ರೀ ಮೇಡಂ” ಎಂದರು. ಅವರ ಸ್ಪೀಕರ್ ದೋಷವಿರಬೇಕೆಂದು ಅಲ್ಲಿ ಏನೇನೋ ಒತ್ತಿಸಿದೆ. ಸರಿಹೋಗಲಿಲ್ಲ. ಇತ್ತ, ಅವರು ಮಾತಾಡುತ್ತಿರುವಾಗಲೇ ಅವರ ಬದಿಯಿಂದ ನನ್ನದೇ ಹಳೆಯ ಮಾತೊಂದು ಕೇಳಿಬಂತು. ಮೊಮ್ಮಗ ಪ್ರೀತಿಯಿಂದ ನಮ್ಮ ನೇರಪ್ರಸಾರವನ್ನು ಅದೇ ಕೋಣೆಯ ಟಿವಿಯಲ್ಲಿ ಹಾಕಿಕೊಂಡಿದ್ದನಂತೆ. ನೇರಪ್ರಸಾರ ಹಲವು ಸೆಕೆಂಡು ತಡವಾಗಿ ತಲುಪುವುದರಿಂದ, ಆಗಲೇ ಮುಗಿದಿದ್ದ ಮಾತು ಮತ್ತೆ ತರಗತಿಗೆ ಬರುತ್ತಿತ್ತು.

ಇವೆಲ್ಲ ನಗುವ ವಿಷಯ. ಆಮೇಲೆ ಆದದ್ದು ಹಾಗಲ್ಲ. ಕೊನೆಯ ಬೆಂಚಿನ ಒಬ್ಬ ಹುಡುಗಿ, ಹೆಚ್ಚು ಮಾತಾಡದವಳು, ಎದ್ದು ನಿಂತು ಕೇಳಿದಳು: “ಒಂದ್ಸಲ ಕೂಗಿದ್ರೆ ಅಷ್ಟು ಸಲ ಕೇಳ್ಸುತ್ತೆ ಅಂದ್ರಲ್ಲ ಸರ್, ಹಂಗಾದ್ರೆ ಅಲ್ಲಿ ಇಬ್ರು ಒಟ್ಟಿಗೆ ಮಾತಾಡಿದ್ರೆ ಯಾವ್ದು ಯಾರ್ದು ಅಂತ ಹೆಂಗೆ ಗೊತ್ತಾಗುತ್ತೆ?” ಅತಿಥಿಗಳು “ಏನೂ ಕೇಳಸವಲ್ದ್ರೀ” ಎಂದರು. ಅವಳು ಇನ್ನೊಮ್ಮೆ ಕೇಳಿದಳು. ಆಗಲೂ ಕೇಳಿಸಲಿಲ್ಲ. ಗಡಿಯಾರ ನೋಡಿ ಗಾಬರಿಯಾಗಿದ್ದ ನಾನು ಮುಂದೆ ಬಂದು, “ಪ್ರತಿಧ್ವನಿ ಹೇಗೆ ಉಂಟಾಗುತ್ತದೆ ಎಂದು ಕೇಳುತ್ತಿದ್ದಾಳೆ ಸರ್” ಎಂದೆ. ಅವರು ಅದಕ್ಕೆ ಉತ್ತರ ಕೊಟ್ಟರು. ಹುಡುಗಿ ಕೂತಳು. ಆ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ಗೆಳತಿ ವೀಕ್ಷಣಾ ಪುಸ್ತಕದಲ್ಲಿ “ವಿದ್ಯಾರ್ಥಿನಿಯ ಪ್ರಶ್ನೆ ಬದಲಾಯಿತು” ಎಂದು ಬರೆದಿದ್ದಳು. ಮಾರ್ಗದರ್ಶಕರು ಪಾಠ ಯೋಜನೆಯನ್ನು ತೆರೆದು ಒಂದೇ ಮಾತು ಕೇಳಿದರು: “ಅತಿಥಿಯ ಮಾತಿಗೆ 15 ನಿಮಿಷ ಇಟ್ಟಿದ್ದೀರಿ. ಮಕ್ಕಳ ಮಾತು ಅತಿಥಿಯನ್ನು ತಲುಪುವ ದಾರಿ ಇದರಲ್ಲಿ ಎಲ್ಲಿದೆ?” ನನ್ನಲ್ಲಿ ಉತ್ತರವಿರಲಿಲ್ಲ. ಅತಿಥಿಯ ದನಿ ತರಗತಿಗೆ ಬರುವುದನ್ನಷ್ಟೇ ಯೋಚಿಸಿದ್ದೆ.

ಯಾರಿಗೆ ಏನು ಕೇಳಬೇಕು?

ದೂರದ ಅತಿಥಿ ಇರುವ ನೇರಪ್ರಸಾರದಲ್ಲಿ ಕೇಳುಗರ ಗುಂಪು ಒಂದಲ್ಲ, ಮೂರು. ಪ್ರತಿ ಗುಂಪಿಗೂ ಬೇಕಾದ ಧ್ವನಿ ಬೇರೆ. ಇದನ್ನು ಕಾಗದದ ಮೇಲೆ ಬರೆದುಕೊಂಡ ದಿನ ಅರ್ಧ ಸಮಸ್ಯೆ ತಿಳಿಯಾಯಿತು.

1. ತರಗತಿಯ ಮಕ್ಕಳಿಗೆ ಅತಿಥಿಯ ದನಿ ಕೇಳಬೇಕು. ತಮ್ಮದೇ ದನಿ ಸ್ಪೀಕರಿನಿಂದ ಕೇಳಬಾರದು.

2. ಅತಿಥಿಗೆ ನನ್ನ ದನಿಯೂ ಮಕ್ಕಳ ದನಿಯೂ ಕೇಳಬೇಕು. ತಮ್ಮ ದನಿ ತಮಗೆ ಮರಳಿ ಕೇಳಬಾರದು.

3. ನೇರಪ್ರಸಾರ ನೋಡುವವರಿಗೆ ಎಲ್ಲರ ದನಿಯೂ ಕೇಳಬೇಕು, ಆದರೆ ಪ್ರತಿಯೊಂದೂ ಒಂದೇ ಸಲ ಕೇಳಬೇಕು.

ಎರಡನೆಯ ಸಾಲಿನಲ್ಲಿರುವ ನಿಯಮಕ್ಕೆ ಆಕಾಶವಾಣಿ, ದೂರದರ್ಶನಗಳ ಕೆಲಸದಲ್ಲಿ ‘ಮಿಕ್ಸ್ ಮೈನಸ್’ ಎನ್ನುತ್ತಾರೆ. ಎಲ್ಲ ದನಿಗಳ ಮಿಶ್ರಣದಿಂದ ಅತಿಥಿಯ ದನಿಯೊಂದನ್ನು ಕಳೆದು, ಉಳಿದದ್ದನ್ನು ಅವರಿಗೆ ಕಳಿಸುವುದು ಎಂದರ್ಥ. ವಿಡಿಯೊ ಕರೆಯ ತಂತ್ರಾಂಶಗಳು ಈ ಕಳೆಯುವ ಲೆಕ್ಕವನ್ನು ತಾವೇ ಮಾಡುತ್ತವೆ: ಕರೆಯಲ್ಲಿರುವ ಪ್ರತಿಯೊಬ್ಬರಿಗೂ ಅವರ ದನಿ ಬಿಟ್ಟು ಉಳಿದವರ ದನಿ ಹೋಗುತ್ತದೆ. ಹಾಗಿದ್ದರೂ ನಮ್ಮ ಅತಿಥಿಗೆ ಅವರ ದನಿ ಕೇಳಿದ್ದೇಕೆ? ಏಕೆಂದರೆ ಅದು ಕರೆಯ ಒಳಗಿನಿಂದ ಮರಳಲಿಲ್ಲ. ನಮ್ಮ ಕೋಣೆಯ ಗಾಳಿಯ ಮೂಲಕ ಮರಳಿತು.

ತಪ್ಪುಗಳ ವಿಶ್ಲೇಷಣೆ

ಅತಿಥಿಯ ದನಿ ನಮ್ಮ ಸ್ಪೀಕರಿನಿಂದ ಹೊರಬಂದು ನಮ್ಮ ಮೈಕಿಗೆ ಹೋಗಿ ಮತ್ತೆ ಅವರ ಕಿವಿಗೆ ತಲುಪುತ್ತಿತ್ತು. ಇದನ್ನು ತಡೆಯಲು ಕರೆಯ ತಂತ್ರಾಂಶದಲ್ಲಿ ಪ್ರತಿಧ್ವನಿ ನಿವಾರಣೆಯ ವ್ಯವಸ್ಥೆ ಇರುತ್ತದೆ. ತಾನು ಸ್ಪೀಕರಿಗೆ ಯಾವ ಧ್ವನಿ ಕಳಿಸಿದೆನೆಂದು ಅದಕ್ಕೆ ಗೊತ್ತು. ಮೈಕಿಗೆ ಬಂದ ಧ್ವನಿಯಲ್ಲಿ ಅದನ್ನು ಗುರುತಿಸಿ ಕಳೆಯುತ್ತದೆ. ಆದರೆ ಗೆಳತಿಯ ಫೋನೂ ಅದೇ ಕರೆಯಲ್ಲಿತ್ತು, ಅದರ ಮೈಕ್ ತೆರೆದಿತ್ತು. ಲ್ಯಾಪ್‌ಟಾಪಿನ ಸ್ಪೀಕರ್ ಬಾಕ್ಸ್ ಯಾವ ಕ್ಷಣಕ್ಕೆ ಏನು ನುಡಿಸುತ್ತಿದೆ ಎಂಬುದು ಫೋನಿಗೆ ತಿಳಿಯದು. ಫೋನಿನ ಪಾಲಿಗೆ ಅದು ಕೋಣೆಯಲ್ಲಿ ಯಾರೋ ಮಾತಾಡಿದಂತೆಯೇ. ಹಾಗಾಗಿ ಅದನ್ನು ನಿಷ್ಠೆಯಿಂದ ಅತಿಥಿಗೆ ಕಳಿಸಿತು. ಸ್ಪೀಕರಿನ ದನಿ ತೀರಾ ಜೋರಾಗಿದ್ದದ್ದೂ, ಖಾಲಿ ಗೋಡೆಗಳ ಕೋಣೆಯಲ್ಲಿ ಅನುರಣನ ಹೆಚ್ಚಿದ್ದದ್ದೂ ತೊಂದರೆಯನ್ನು ಹೆಚ್ಚಿಸಿದವು.

ಇದರಿಂದ ನಾನು ಕಲಿತ ಮೊದಲ ಸೂತ್ರ: ಯಾರಿಗೆ ತಮ್ಮ ದನಿ ಮರಳಿ ಕೇಳುತ್ತದೋ, ದೋಷ ಸಾಮಾನ್ಯವಾಗಿ ಅವರ ಬಳಿ ಇರುವುದಿಲ್ಲ, ಎದುರು ಬದಿಯಲ್ಲಿರುತ್ತದೆ. ಅತಿಥಿಗೆ ಅವರ ದನಿ ಕೇಳಿದರೆ ನಮ್ಮ ಕೋಣೆಯನ್ನು ನೋಡಬೇಕು. ನಮಗೆ ನಮ್ಮ ದನಿ ಕೇಳಿದರೆ ಅತಿಥಿಯ ಕೋಣೆಯನ್ನು ವಿಚಾರಿಸಬೇಕು. ನಾನು ಇದಕ್ಕೆ ತಿರುಗಾಮುರುಗಾ ಮಾಡಿ, ಹಿರಿಯರೊಬ್ಬರಿಂದ ಸುಮ್ಮನೆ ಗುಂಡಿಗಳನ್ನು ಒತ್ತಿಸಿ ಐದು ನಿಮಿಷ ಕಳೆದಿದ್ದೆ.

ನೇರಪ್ರಸಾರ ನೋಡುತ್ತಿದ್ದವರ ದೂರು ಬೇರೆ ಇತ್ತು. ಅತಿಥಿಯ ದನಿ ಡಬ್ಬದೊಳಗಿಂದ ಬಂದಂತಿತ್ತು ಎಂದರು. ಒಬಿಎಸ್‌ನಲ್ಲಿ ‘ಡೆಸ್ಕ್‌ಟಾಪ್ ಆಡಿಯೊ’ ಮತ್ತು ‘ಮೈಕ್’ ಎಂಬ ಎರಡು ಸಾಲುಗಳಿರುತ್ತವೆ. ಲ್ಯಾಪ್‌ಟಾಪಿನಲ್ಲಿ ನುಡಿಯುವುದೆಲ್ಲ ಮೊದಲನೆಯದಕ್ಕೆ, ಕೋಣೆಯಲ್ಲಿ ಕೇಳುವುದೆಲ್ಲ ಎರಡನೆಯದಕ್ಕೆ. ಅತಿಥಿಯ ದನಿ ಎರಡರಿಂದಲೂ, ಸ್ವಲ್ಪ ಹಿಂದುಮುಂದಾಗಿ ಹೋಗುತ್ತಿತ್ತು. ಒಂದೇ ಧ್ವನಿಯ ಎರಡು ಪ್ರತಿಗಳು ಅಲ್ಪ ಅಂತರದಲ್ಲಿ ಕೂಡಿದಾಗ ಕೆಲವು ಆವೃತ್ತಿಗಳು ಬಲಗೊಂಡು ಕೆಲವು ಕುಂದುತ್ತವೆ. ಡಬ್ಬದ ದನಿ ಅದರ ಫಲ.

ಇನ್ನು ಹುಡುಗಿಯ ಪ್ರಶ್ನೆ. ಲ್ಯಾಪ್‌ಟಾಪಿನ ಮೈಕ್ ನನ್ನಿಂದ ಅರ್ಧ ಮೀಟರ್ ದೂರದಲ್ಲಿತ್ತು. ಅವಳು 4 ಮೀಟರ್ ದೂರದಲ್ಲಿದ್ದಳು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅರ್ಧದಿಂದ ಒಂದು, ಒಂದರಿಂದ ಎರಡು, ಎರಡರಿಂದ ನಾಲ್ಕು: ಮೂರು ಇಮ್ಮಡಿ, 18 ಡೆಸಿಬೆಲ್. ಕೋಣೆಯೊಳಗೆ ಗೋಡೆಗಳಿಂದ ಪ್ರತಿಫಲಿಸಿದ ದನಿಯೂ ಸೇರುವುದರಿಂದ ಇಳಿಕೆ ಇಷ್ಟಿರದು. ಆದರೆ ಹಾಗೆ ಸೇರಿದ ದನಿ ಕಲಸಿಕೊಂಡಿರುತ್ತದೆ. ಅದರ ಮೇಲೆ, ಗದ್ದಲ ತಗ್ಗಿಸುವ ವ್ಯವಸ್ಥೆ ದೂರದ ಮಗುವಿನ ಮೆಲುದನಿಯನ್ನೂ ಫ್ಯಾನಿನ ಸದ್ದಿನ ಜೊತೆ ಸೇರಿಸಿ ಅದುಮಿಬಿಡಬಹುದು. ತರಗತಿಯಲ್ಲಿ ನನಗೆ ಸ್ಪಷ್ಟವಾಗಿ ಕೇಳಿದ ಪ್ರಶ್ನೆ ವಿಜಯಪುರಕ್ಕೆ ಹೋಗಲೇ ಇಲ್ಲ. ‘ನನಗೆ ಕೇಳಿದೆ, ಆದ್ದರಿಂದ ಎಲ್ಲರಿಗೂ ಕೇಳಿದೆ’ ಎಂದುಕೊಂಡದ್ದು ನನ್ನ ಎರಡನೇ ತಪ್ಪು.

ತಡವಾಗುವ ದನಿ ಮತ್ತು ಕಾಯುವ ಸಮಯ

ಪ್ರಶ್ನೆ ಕೇಳಿದ ಮೇಲೆ ಕಾಯಬೇಕಾದ ಸಮಯದ ಬಗ್ಗೆ ನಾವೆಲ್ಲ ಓದಿರುತ್ತೇವೆ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ ಎಂದು ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದ್ದಾರೆ. ದೂರದ ಅತಿಥಿಯ ಜೊತೆ ಈ ಕಾಯುವಿಕೆಯಲ್ಲಿ ಒಂದು ಪಾಲನ್ನು ಜಾಲವೇ ನುಂಗುತ್ತದೆ.

ಇದನ್ನು ಮಕ್ಕಳೊಂದಿಗೆ ಅಳೆದು ನೋಡಿದೆವು. ಇಬ್ಬರು ಎದುರುಬದುರು ನಿಂತು “ಒಂದು”, “ಎರಡು” ಎಂದು ಒಬ್ಬರಾದ ಮೇಲೊಬ್ಬರು 20ರವರೆಗೆ ಎಣಿಸಿದರು. ನಮಗೆ 14 ಸೆಕೆಂಡ್ ಹಿಡಿಯಿತು. ಅದೇ ಎಣಿಕೆಯನ್ನು ಅತಿಥಿಯ ಜೊತೆ ಕರೆಯಲ್ಲಿ ಮಾಡಿದಾಗ 20 ಸೆಕೆಂಡ್ ಆಯಿತು. ಹೆಚ್ಚಾದ 6 ಸೆಕೆಂಡನ್ನು 20ರಿಂದ ಭಾಗಿಸಿದರೆ, ಒಂದು ಬದಿಯಿಂದ ಇನ್ನೊಂದು ಬದಿಗೆ ದನಿ ಹೋಗಲು ಸುಮಾರು 0.3 ಸೆಕೆಂಡ್. ಇದು ಒರಟು ಅಳತೆ, ಆದರೆ ಯಾವ ಉಪಕರಣವೂ ಬೇಡ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದರೆ ಅತಿಥಿ ನಮ್ಮ ಆಟದ ಮೈದಾನದಲ್ಲಿ 100 ಮೀಟರ್ ದೂರ ನಿಂತು ಮಾತಾಡಿದಂತೆ. ಹೀಗೆ ಹೇಳಿದಾಗ ಮಕ್ಕಳಿಗೆ ತಕ್ಷಣ ಅರ್ಥವಾಯಿತು. ಅಷ್ಟು ದೂರ ನಿಂತವರ ಜೊತೆ ಯಾರೂ ಗಡಿಬಿಡಿಯಲ್ಲಿ ಮಾತಾಡುವುದಿಲ್ಲ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ. 400 ಮಿಲಿಸೆಕೆಂಡ್ ಅದರ ಹೊರಗಡಿ. ನಮ್ಮದು ಇವೆರಡರ ನಡುವೆ ಇತ್ತು. ಮೊದಲ ಪಾಠದಲ್ಲಿ ನಾನು ಪ್ರಶ್ನೆ ಕೇಳಿ, ಒಂದು ಸೆಕೆಂಡಿಗೇ ಮೌನವೆಂದು ಭಾವಿಸಿ ಮತ್ತೆ ಮಾತಾಡುತ್ತಿದ್ದೆ. ಅಷ್ಟರಲ್ಲಿ ಅವರ ಉತ್ತರ ದಾರಿಯಲ್ಲಿತ್ತು. ಇಬ್ಬರ ಮಾತೂ ಡಿಕ್ಕಿಯಾಗುತ್ತಿತ್ತು, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಿದ್ದೆವು.

ಎರಡನೇ ಪಾಠದ ಸಿದ್ಧತೆ

ಅತಿಥಿಗಳು ದೊಡ್ಡ ಮನಸ್ಸು ಮಾಡಿ ಹತ್ತು ದಿನಗಳ ನಂತರ ಮತ್ತೆ ಬರಲು ಒಪ್ಪಿದರು. ಈ ಬಾರಿ ಹೊಸ ಉಪಕರಣವೆಂದು ತಂದದ್ದು ಕಾಲೇಜಿನಿಂದ ಕೇಳಿ ಪಡೆದ ಒಂದು ತಂತಿರಹಿತ ಕೈ ಮೈಕ್ ಮಾತ್ರ. ಉಳಿದದ್ದೆಲ್ಲ ಕ್ರಮ.

ಒಂದು ಕೋಣೆಗೆ ಒಂದೇ ಮೈಕ್, ಒಂದೇ ಸ್ಪೀಕರ್, ಎರಡೂ ಒಂದೇ ಯಂತ್ರಕ್ಕೆ. ಗೆಳತಿಯ ಫೋನನ್ನು ಕರೆಯಿಂದಲೇ ತೆಗೆದೆವು. ಅದರಲ್ಲಿ ಇಯರ್‌ಫೋನ್ ಹಾಕಿಕೊಂಡು ಅವಳು ನೇರಪ್ರಸಾರವನ್ನು ಕೇಳುವ ಕೆಲಸ ವಹಿಸಿಕೊಂಡಳು. ನೋಡುಗರಿಗೆ ಏನು ಕೇಳುತ್ತಿದೆ ಎಂದು ಹೇಳಲು ಒಬ್ಬರು ಇರಲೇಬೇಕು.

ಅತಿಥಿಗೆ ಇಯರ್‌ಫೋನ್. ಫೋನಿನ ಜೊತೆ ಬಂದ ಸಾಮಾನ್ಯ ಇಯರ್‌ಫೋನ್ ಸಾಕು. ಆಗ ನಮ್ಮ ದನಿ ಅವರ ಮೈಕಿಗೆ ಹೋಗುವುದಿಲ್ಲ. ಮನೆಯಲ್ಲಿ ನೇರಪ್ರಸಾರ ನೋಡುವವರು ಬೇರೆ ಕೋಣೆಯಲ್ಲಿ ನೋಡಲಿ ಎಂದು ಮೊದಲೇ ವಿನಂತಿಸಿದೆವು.

ಮೈಕಿನ ಸ್ವಿಚ್. ಕೈ ಮೈಕ್ ಯಾರ ಬಳಿ ಇದೆಯೋ ಅವರು ಮಾತಾಡುವಾಗ ಮಾತ್ರ ಆನ್. ಅತಿಥಿ ಮಾತಾಡುವಾಗ ಆಫ್. ಈ ಒಂದು ನಿಯಮದಿಂದ ಅತಿಥಿಯ ಪ್ರತಿಧ್ವನಿಯೂ ನೇರಪ್ರಸಾರದ ಡಬ್ಬದ ದನಿಯೂ ಒಟ್ಟಿಗೆ ಹೋದವು. ಆದರೆ ಇದಕ್ಕೊಂದು ಬೆಲೆ ಇದೆ: ಮೈಕ್ ಆಫ್ ಇರುವಾಗ ಮಕ್ಕಳ ನಗು, “ಹೂಂ ಸರ್” ಎಂಬ ಮಾತು ಅತಿಥಿಗೆ ತಲುಪುವುದಿಲ್ಲ. ಗೋಡೆಯ ಜೊತೆ ಮಾತಾಡಿದಂತಾಗುತ್ತದೆ. ಅದಕ್ಕೆ ಕ್ಯಾಮೆರಾಕ್ಕೆ ಕಾಣುವಂತೆ ಕೈಸನ್ನೆ ಗೊತ್ತುಮಾಡಿಕೊಂಡೆವು: ಅರ್ಥವಾದರೆ ನಾನು ಹಸಿರು ಚೀಟಿ ತೋರಿಸುವುದು, ಪ್ರಶ್ನೆಯಿದ್ದರೆ ಹಳದಿ.

ಪ್ರಶ್ನೆಯ ಕುರ್ಚಿ. ಸ್ಪೀಕರಿನಿಂದ ದೂರದ ಮೂಲೆಯಲ್ಲಿ ಒಂದು ಕುರ್ಚಿ ಇಟ್ಟೆವು. ಪ್ರಶ್ನೆ ಇದ್ದವರು ಅಲ್ಲಿಗೆ ಬಂದು ಮೈಕನ್ನು ಬಾಯಿಂದ ಒಂದು ಗೇಣಿನೊಳಗೆ ಹಿಡಿದು ಕೇಳಬೇಕು. ಎದ್ದು ಬರಲು ಸಂಕೋಚಪಡುವವರ ಬಳಿಗೆ ಮೈಕ್ ಹೋಗಬೇಕು. ಮಗುವಿನ ಪ್ರಶ್ನೆಯನ್ನು ನಾನು ಹೇಳಲೇಬೇಕಾಗಿ ಬಂದರೆ ಅದೇ ಮಾತಿನಲ್ಲಿ ಹೇಳಿ, “ಸರಿಯಾಗಿ ಹೇಳಿದೆನಾ?” ಎಂದು ಆ ಮಗುವನ್ನೇ ಕೇಳಬೇಕು.

ಮಟ್ಟ ಹೊಂದಿಸುವುದು. ಒಬಿಎಸ್‌ನ ಧ್ವನಿ ಪಟ್ಟಿಯಲ್ಲಿ ಹಸಿರು, ಹಳದಿ, ಕೆಂಪು ಭಾಗಗಳಿವೆ. ಹಳದಿ ಭಾಗ ಮೈನಸ್ 20ರಿಂದ ಮೈನಸ್ 9 ಡೆಸಿಬೆಲ್‌ವರೆಗೆ. ಮಾತು ಹಳದಿಯಲ್ಲಿ ಆಡುತ್ತಿದ್ದರೆ ಸರಿ. ಕೆಂಪಿನ ತುದಿ ಮುಟ್ಟಿದರೆ ದನಿ ಒಡೆಯುತ್ತದೆ. ಅತಿಥಿಯ ದನಿ, ನನ್ನ ದನಿ, ಮಗುವಿನ ದನಿ ಮೂರೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ಲ್ಯಾಪ್‌ಟಾಪಿನ ಸಂದೇಶಗಳ ಟಿಣ್ ಸದ್ದೂ ಡೆಸ್ಕ್‌ಟಾಪ್ ಆಡಿಯೊದಲ್ಲೇ ಹೋಗುವುದರಿಂದ ಅವನ್ನು ಮೊದಲೇ ನಿಲ್ಲಿಸಿ.

ಮುನ್ನಾದಿನದ ತಾಲೀಮು. ಪ್ರಸಾರ ಮಾಡದೆ, ಒಬಿಎಸ್‌ನಲ್ಲಿ ಒಂದು ನಿಮಿಷ ಧ್ವನಿಮುದ್ರಿಸಿ ಇಯರ್‌ಫೋನಿನಲ್ಲಿ ಕೇಳಿದೆವು. ಕೊನೆಯ ಬೆಂಚಿನಿಂದ ಒಬ್ಬರು ಮಾತಾಡುವುದು ತಾಲೀಮಿನ ಕಡ್ಡಾಯ ಭಾಗ. ಯೂಟ್ಯೂಬ್ ಚಾನೆಲಿನಲ್ಲಿ ಮೊದಲ ಸಲ ನೇರಪ್ರಸಾರದ ಸೌಲಭ್ಯ ತೆರೆಯಲು 24 ಗಂಟೆಗಳವರೆಗೆ ಹಿಡಿಯಬಹುದು; ಪಾಠದ ದಿನ ಬೆಳಗ್ಗೆ ಅದಕ್ಕೆ ಕೈಹಾಕಬೇಡಿ.

ಜಾಲ ಕೈಕೊಟ್ಟರೆ. ಮಾತಿಗೆ ಬೇಕಾದ ದತ್ತಾಂಶ ಚಿತ್ರಕ್ಕೆ ಬೇಕಾದದ್ದಕ್ಕಿಂತ ಬಹಳ ಕಡಿಮೆ. ಆದ್ದರಿಂದ ದನಿ ತುಂಡಾಗತೊಡಗಿದರೆ ಮೊದಲು ಅತಿಥಿಯ ಕ್ಯಾಮೆರಾ ನಿಲ್ಲಿಸಬೇಕು. ಅದೂ ಸಾಲದಿದ್ದರೆ ಸಾಮಾನ್ಯ ಫೋನ್ ಕರೆ ಮಾಡಿ, ಫೋನಿನ ಸ್ಪೀಕರನ್ನು ಕೈ ಮೈಕಿಗೆ ಹಿಡಿಯುವುದು. ವಿಡಿಯೊ ಕರೆಯನ್ನು ಆಗ ಮುಚ್ಚಿರಬೇಕು.

ಎರಡನೇ ಪಾಠ

ಎಲ್ಲವೂ ನೆಟ್ಟಗೆ ನಡೆಯಿತೆಂದು ಹೇಳಲಾರೆ. ಎಂಟನೇ ನಿಮಿಷಕ್ಕೆ ಚಿತ್ರ ನಿಂತಿತು, ಕ್ಯಾಮೆರಾ ಆಫ್ ಮಾಡಿಸಬೇಕಾಯಿತು. ಒಬ್ಬ ಹುಡುಗ ಮೈಕ್ ಸ್ವಿಚ್ ಹಾಕದೆ ಪೂರ್ತಿ ಪ್ರಶ್ನೆ ಕೇಳಿ ಮುಗಿಸಿದ. ಆದರೆ ಗೆಳತಿ ಕೈ ಎತ್ತಿ ಸನ್ನೆ ಮಾಡಿದಳು, ಅವನು ನಕ್ಕು ಮತ್ತೆ ಕೇಳಿದ.

ಹಿಂದಿನ ಬೆಂಚಿನ ಹುಡುಗಿ ಕುರ್ಚಿಗೆ ಬರಲಿಲ್ಲ. ನಾನು ಮೈಕ್ ತೆಗೆದುಕೊಂಡು ಅವಳ ಬಳಿ ಹೋಗಿ, “ಅವತ್ತು ನಿನ್ನ ಪ್ರಶ್ನೆನ ನಾನು ತಪ್ಪಾಗಿ ಹೇಳಿದ್ದೆ. ನೀನೇ ಕೇಳ್ತೀಯಾ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಆಮೇಲೆ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಿದಳು.

ಆ ಬದಿಯಿಂದ ಉತ್ತರ ಬರಲು ತುಸು ತಡವಾಯಿತು. ಆ ತಡ ಜಾಲದ್ದಲ್ಲ, ಅವರು ಯೋಚಿಸುತ್ತಿದ್ದರು. “ಭಾಳ ಛಲೋ ಕೇಳಿದಿ ನೋಡವ್ವಾ. ಗೊತ್ತಾಗಂಗಿಲ್ಲ! ಒಬ್ಬರ ದನಿ ಆರೂ ಮೊದಲs ಇನ್ನೊಬ್ಬರ ದನಿ ಬಂದು ಕೂಡತೈತಿ, ಎಲ್ಲಾ ಕಲಸಿ ಬರೇ ಗದ್ದಲ ಆಗತೈತಿ. ಅದಕ್ಕs ನಾ ಹುಡುಗರನ್ನ ಅಲ್ಲಿ ಕರಕೊಂಡು ಹೋದಾಗ ಮೊದಲ ಸುಮ್ಮ ನಿಂದರೂದು ಕಲಸ್ತಿದ್ದೆ. ಒಬ್ಬಾಂವ ಮಾತಾಡಬೇಕು, ಉಳಿದವರು ದನಿ ಆರೂತನಕ ಕಾಯಬೇಕು” ಎಂದರು. ಅಲ್ಲಿಂದ ಪ್ರತಿಧ್ವನಿ ಮತ್ತು ಅನುರಣನದ ವ್ಯತ್ಯಾಸಕ್ಕೆ ಬಂದೆವು. ಮೂಲ ಧ್ವನಿ ಮತ್ತು ಪ್ರತಿಫಲಿಸಿದ ಧ್ವನಿಯ ನಡುವೆ ಕನಿಷ್ಠ 0.1 ಸೆಕೆಂಡ್ ಅಂತರವಿದ್ದರೆ ಪ್ರತಿಧ್ವನಿ ಬೇರೆಯಾಗಿ ಕೇಳುತ್ತದೆ, ಅದಕ್ಕೆ ಅಡ್ಡಿ ಸುಮಾರು 17 ಮೀಟರ್ ದೂರವಾದರೂ ಇರಬೇಕು ಎಂಬ ಪಠ್ಯದ ಮಾತು ಆ ದಿನ ಅವಳ ಪ್ರಶ್ನೆಯ ಉತ್ತರವಾಗಿ ಬಂತು. ನನ್ನ ಪಾಠ ಯೋಜನೆಯಲ್ಲಿ ಅದು ಬರಬೇಕಾಗಿದ್ದ ಜಾಗಕ್ಕಿಂತ ಇದು ಒಳ್ಳೆಯ ಜಾಗ.

ಪಾಠ ಯೋಜನೆಗೆ ಒಂದು ಸೇರ್ಪಡೆ

ಈಗ ನನ್ನ ಪಾಠ ಯೋಜನೆಯಲ್ಲಿ ‘ಬೋಧನೋಪಕರಣಗಳು’ ಎಂಬುದರ ಕೆಳಗೆ ಇನ್ನೊಂದು ಅಂಕಣ ಬರೆಯುತ್ತೇನೆ: ‘ಯಾರ ಮಾತು ಯಾರಿಗೆ, ಯಾವ ದಾರಿಯಲ್ಲಿ?’ ಅತಿಥಿಯಿಂದ ಮಕ್ಕಳಿಗೆ, ಮಕ್ಕಳಿಂದ ಅತಿಥಿಗೆ, ಇಬ್ಬರಿಂದಲೂ ವೀಕ್ಷಕರಿಗೆ. ಪ್ರತಿ ಸಾಲಿನ ಮುಂದೆ ಮೈಕಿನ ಹೆಸರು, ಸ್ಪೀಕರಿನ ಹೆಸರು, ಅದನ್ನು ನೋಡಿಕೊಳ್ಳುವವರ ಹೆಸರು. ಯಾವುದಾದರೂ ಸಾಲು ಖಾಲಿ ಉಳಿದರೆ ಆ ಪಾಠ ಇನ್ನೂ ಸಿದ್ಧವಾಗಿಲ್ಲ ಎಂದು ಲೆಕ್ಕ. ಪಾಠ ವೀಕ್ಷಣೆಗೆ ಕೂರುವ ಸಹಪಾಠಿಗಳೂ ಮಾರ್ಗದರ್ಶಕರೂ, ಅತಿಥಿಯ ಮಾತು ಎಷ್ಟು ಸ್ಪಷ್ಟವಾಗಿತ್ತು ಎಂಬುದರ ಜೊತೆಗೆ, ಮಕ್ಕಳ ಎಷ್ಟು ಪ್ರಶ್ನೆಗಳು ಅವರದೇ ಮಾತಿನಲ್ಲಿ ಅತಿಥಿಯನ್ನು ತಲುಪಿದವು ಎಂದೂ ಎಣಿಸಿದರೆ ಒಳ್ಳೆಯದು.

ನನ್ನ ಮೊದಲ ಪಾಠದಲ್ಲಿ ಆ ಎಣಿಕೆ ಸೊನ್ನೆ. ಎರಡನೆಯದರಲ್ಲಿ ಐದು.